ಭಾನುವಾರಕ್ಕೂ ಸೋಮವಾರಕ್ಕೂ ಒಂದೇ ವಾಹನ

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೋದಾಗಲೆಲ್ಲ ನಮಗೂ ಎಂಟು ವರ್ಷದ ಮೊಮ್ಮಗನಿಗೂ ಒಂದು ಆಟ ನಡೆಯುತ್ತದೆ. ಜಿಲಾಂಗ್ ನಗರದತ್ತ ಸಾಗುವ ಹೆದ್ದಾರಿಯಲ್ಲಿ ಹಳೆಯ ‘ಯೂಟ್’ಗಳನ್ನು ಗುರುತಿಸಿ ಎಣಿಸುವುದೇ ಆ ಆಟ. ಮುಂಭಾಗ ಕಾರು, ಹಿಂಭಾಗ ಸರಕು ತುಂಬುವ ತೆರೆದ ತೊಟ್ಟಿ; ಅದಕ್ಕೆ ಅಲ್ಲಿನವರು ಇಟ್ಟ ಹೆಸರು ಯೂಟ್.

ಓದುಗರು ಇದನ್ನು ನಮ್ಮೂರಿನ ಪಿಕಪ್ ಎಂದು ಭಾವಿಸಬಾರದು. ಪಿಕಪ್‌ನಲ್ಲಿ ಚಾಲಕ ಕೂರುವ ಕ್ಯಾಬಿನ್ ಬೇರೆ, ತೊಟ್ಟಿ ಬೇರೆ. ಎರಡನ್ನೂ ಕೆಳಗಿನ ಚಾಸಿಸ್ ಮೇಲೆ ಕೂರಿಸಿರುವುದರಿಂದ ನಡುವೆ ಒಂದು ಸಂದು ಕಾಣುತ್ತದೆ. ಹಳೆಯ ಯೂಟ್‌ನಲ್ಲಿ ಆ ಸಂದು ಇಲ್ಲ. ಬಾಗಿಲಿನ ಹಿಂದೆ ಆರಂಭವಾಗುವ ತಗಡು ಎಲ್ಲಿಯೂ ಮುರಿಯದೆ ಹಿಂದಿನ ದೀಪದವರೆಗೆ ಸಾಗುತ್ತದೆ. ಸಂದು ಕಂಡರೆ ಅಂಕವಿಲ್ಲ ಎಂಬುದು ಮೊಮ್ಮಗನ ಕಟ್ಟುನಿಟ್ಟಿನ ನಿಯಮ. ಫೋರ್ಡ್ ಫಾಲ್ಕನ್ ಯೂಟ್‌ಗೆ 1999ರಲ್ಲಿ ಪ್ರತ್ಯೇಕ ತೊಟ್ಟಿ ಬಂದ ಮೇಲಿನವುಗಳಿಗೆ ಅರ್ಧ ಅಂಕವಾದರೂ ಕೊಡೆಂದು ನಾವು ವಾದಿಸಿ ಸೋತಿದ್ದೇವೆ. ಮಕ್ಕಳ ನ್ಯಾಯಾಲಯದಲ್ಲಿ ಮೇಲ್ಮನವಿಗೆ ಅವಕಾಶವಿಲ್ಲ!

ಈ ವಾಹನದ ಹುಟ್ಟಿನ ಕಥೆಯನ್ನು ಅವನಿಗೆ ಹೇಳಿದವರು ನಾವೇ. 1930ರ ದಶಕದ ಆರಂಭ. ಜಗತ್ತನ್ನೇ ಆವರಿಸಿದ್ದ ಆರ್ಥಿಕ ಕುಸಿತದ ಕಾಲ. ವಿಕ್ಟೋರಿಯಾ ರಾಜ್ಯದ ಗಿಪ್ಸ್‌ಲ್ಯಾಂಡ್ ಪ್ರದೇಶದ ಒಬ್ಬ ರೈತನ ಪತ್ನಿ ಫೋರ್ಡ್ ಕಂಪೆನಿಗೆ ಪತ್ರ ಬರೆದಳು. ಭಾನುವಾರ ಮಳೆಯಲ್ಲಿ ನೆನೆಯದೆ ಚರ್ಚಿಗೆ ಹೋಗಬೇಕು, ಸೋಮವಾರ ಅದೇ ವಾಹನದಲ್ಲಿ ಹಂದಿಗಳನ್ನು ಸಂತೆಗೆ ಸಾಗಿಸಬೇಕು. ಎರಡು ವಾಹನ ಕೊಳ್ಳುವ ಶಕ್ತಿ ತಮ್ಮಂಥವರಿಗಿಲ್ಲ ಎಂಬುದು ಆಕೆಯ ಅಹವಾಲು. ಸರಕಿನ ವಿಷಯ ಹೇಗೂ ಇರಲಿ, ಜುಮಾಕ್ಕೆ ಶುಭ್ರ ವಸ್ತ್ರ ತೊಟ್ಟು ಹೊರಡುವ ನಮಗೆ ಆಕೆಯ ಸಂಕಟ ಅರ್ಥವಾಗದ್ದೇನಲ್ಲ. ತೊಟ್ಟಿಯಿದ್ದ ವಾಹನಗಳು ಅದಕ್ಕೂ ಮೊದಲೇ ಇದ್ದವು, ನಿಜ. ಆದರೆ ಅವುಗಳಲ್ಲಿ ಹಲವಕ್ಕೆ ಇದ್ದುದು ಬಟ್ಟೆಯ ಛಾವಣಿ. ಬಟ್ಟೆ ಮಳೆಯನ್ನು ಎಷ್ಟು ತಡೆದೀತು?

ಆ ಪತ್ರದ ಬೇಡಿಕೆ ಜಿಲಾಂಗ್ ಕಾರ್ಖಾನೆಯ ಲೂ ಬ್ಯಾಂಡ್ಟ್ ಎಂಬ ಯುವ ವಿನ್ಯಾಸಕಾರರ ಕೈಸೇರಿತು. ಅವರಿಗೆ ಆಗ ಇಪ್ಪತ್ತಮೂರರ ಆಸುಪಾಸಿನ ವಯಸ್ಸು. ಕೂಪೆ ಕಾರಿನ ಮುಂಭಾಗವನ್ನು, ಅದರ ಗಟ್ಟಿ ಛಾವಣಿ, ಗಾಜಿನ ಕಿಟಕಿ, ಮೆತ್ತನೆಯ ಆಸನಗಳ ಸಮೇತ ಉಳಿಸಿಕೊಂಡು, ಪಕ್ಕದ ತಗಡುಗಳನ್ನು ಹಿಂದಕ್ಕೆ ಚಾಚಿ ತೊಟ್ಟಿಯನ್ನು ದೇಹಕ್ಕೆ ಬೆಸೆದರು. ಭಾರ ತಾಳುವಂತೆ ಚಾಸಿಸ್ಸನ್ನು ಬಲಪಡಿಸಿದರು. 1934ರಲ್ಲಿ ಅದು ರಸ್ತೆಗಿಳಿಯಿತು. ಹೋಲ್ಡನ್ ಕಂಪೆನಿ 1948ರಲ್ಲಿ ಬಿಡುಗಡೆ ಮಾಡಿದ ಕಾರನ್ನೇ ಆಧರಿಸಿ 1951ರಲ್ಲಿ ತನ್ನ ಯೂಟ್ ತಂದಿತು. ಅಮೆರಿಕದಲ್ಲಿ 1957ರಲ್ಲಿ ಫೋರ್ಡ್ ರಾಂಚೆರೊ, 1959ರಲ್ಲಿ ಶೆವರ್ಲೆ ಎಲ್ ಕಾಮಿನೊ ಬಂದವು. ಅವು ಬಹಳ ಮೊದಲೇ ನಿಂತುಹೋದವು. ಆಸ್ಟ್ರೇಲಿಯಾದಲ್ಲಿ 2016ರಲ್ಲಿ ಫಾಲ್ಕನ್ ಯೂಟ್, 2017ರಲ್ಲಿ ಹೋಲ್ಡನ್ ಯೂಟ್ ತಯಾರಿಕೆ ಕೊನೆಗೊಂಡಿತು. ಈಗ ಅಲ್ಲಿಯೂ ರಸ್ತೆ ತುಂಬ ಕಾಣುವುದು ಸಂದು ಇರುವ ಎತ್ತರದ ಪಿಕಪ್‌ಗಳೇ. ಆದ್ದರಿಂದ ನಮ್ಮ ಲೆಕ್ಕ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ.

ಬ್ಯಾಂಡ್ಟ್ ಅವರು 1987ರಲ್ಲಿ, ತಾವೇ ದುರಸ್ತಿಗೊಳಿಸಿ ಮೊದಲಿನಂತೆ ಮಾಡಿದ್ದ ಹಳೆಯ ಯೂಟ್ ಓಡಿಸುತ್ತಿದ್ದಾಗ ಅಪಘಾತಕ್ಕೀಡಾಗಿ ಮೃತಪಟ್ಟರು. ಯೂಟ್‌ನ ಚರಿತ್ರೆ ಎಲ್ಲಿ ಬಂದರೂ ಅವರ ಹೆಸರಿದೆ. ಇರಬೇಕಾದದ್ದೇ. ಆದರೆ ಪತ್ರ ಬರೆದವಳು ಎಲ್ಲ ಕಡೆಯೂ ‘ರೈತನ ಪತ್ನಿ’ ಮಾತ್ರ.

ಈ ಮಾತು ನಮ್ಮನ್ನು ಕಾಡಲು ಕಾರಣವಿದೆ. ನಮ್ಮ ಬಾಲ್ಯದಲ್ಲಿ ಘಟ್ಟದ ಬುಡದ ನಮ್ಮೂರಿಗೆ ಬರುತ್ತಿದ್ದುದು ಒಂದೇ ಜೀಪು. ಮುಂದಿನ ಆಸನ ಗಂಡಸರದ್ದು. ಹಿಂದೆ ಕ್ಯಾನ್ವಾಸ್ ಹೊದಿಕೆಯಡಿ ಅಡಿಕೆಯ ಚೀಲಗಳು, ಚೀಲಗಳ ನಡುವೆ ಹೆಂಗಸರು ಮತ್ತು ನಾವು ಮಕ್ಕಳು. ಒಂದು ಜುಲೈ ತಿಂಗಳಲ್ಲಿ ಸೋದರಮಾವನ ಮನೆಯ ಮದುವೆಗೆ ಹೊರಟಿದ್ದೆವು. ಹರಿದ ಕ್ಯಾನ್ವಾಸಿನಿಂದ ನೀರು ಸುರಿಯುತ್ತಿತ್ತು. ಉಮ್ಮ ತಮ್ಮಲ್ಲಿದ್ದ ಒಂದೇ ರೇಷ್ಮೆ ಸೀರೆಯ ಸೆರಗನ್ನು ನಮ್ಮ ತಲೆಯ ಮೇಲೆ ಹಿಡಿದು ಕುಳಿತಿದ್ದರು. ಮದುವೆ ಮನೆಯಲ್ಲಿ ಇಡೀ ದಿನ ಅಡುಗೆ ಕೋಣೆಯ ಒಲೆಯ ಬಳಿಯೇ ಉಳಿದರು. ಸಹಾಯಕ್ಕೆಂದು ನಿಂತಿದ್ದಾರೆಂದು ಎಲ್ಲರೂ ಭಾವಿಸಿದರು, ನಾವೂ ಸಹ. ಒದ್ದೆ ಸೀರೆಯಲ್ಲಿ ಜನರ ನಡುವೆ ಬರಲು ಸಂಕೋಚಪಟ್ಟಿದ್ದರೆಂದು ತಿಳಿದದ್ದು ಅವರು ತೀರಿಕೊಂಡ ಬಳಿಕ, ಚಿಕ್ಕಮ್ಮನ ಬಾಯಿಂದ. ಮುಂದಿನ ಆಸನದಲ್ಲಿ ಕೂರಿಸಿ ಎಂದು ಉಮ್ಮ ಯಾರನ್ನೂ ಕೇಳಿದವರಲ್ಲ. ಕೇಳಬಹುದಿತ್ತೆಂಬುದು ನಮಗೂ ಹೊಳೆದಿರಲಿಲ್ಲ. ಮುಂದೆ ನಾವೇ ಕಾರು ಕೊಂಡಾಗಲೂ ಅವರು ಅಭ್ಯಾಸಬಲದಿಂದ ಹಿಂದಿನ ಬಾಗಿಲನ್ನೇ ತೆರೆಯುತ್ತಿದ್ದರು, ನಾವು ಬೇಡವೆನ್ನಲಿಲ್ಲ.

ಕಳೆದ ಪ್ರಯಾಣದಂದು ಜಿಲಾಂಗ್ ತಲುಪುವ ಮೊದಲು ತಿಳಿ ಹಸಿರು ಬಣ್ಣದ ಹೋಲ್ಡನ್ ಒಂದು ನಮ್ಮನ್ನು ದಾಟಿತು. ಐವತ್ತರ ದಶಕದ್ದು, ಸಂದಿಲ್ಲದ್ದು. ತೊಟ್ಟಿಯಲ್ಲಿ ಹುಲ್ಲಿನ ಎರಡು ಕಟ್ಟುಗಳಿದ್ದವು. ಚಕ್ರ ಹಿಡಿದವಳು ನೆರೆಗೂದಲಿನ ಹೆಂಗಸು. ಹೊರಗೆ ತುಂತುರು ಮಳೆ.

“ಅಜ್ಜ, ಪತ್ರ ಬರೆದವರ ಹೆಸರೇನು?” ಎಂದ ಮೊಮ್ಮಗ.

ಯಾರೂ ಬರೆದಿಟ್ಟಿಲ್ಲ ಮಗು, ಎಂದೆವು.

“ನಿಮ್ಮ ಉಮ್ಮನ ಹೆಸರು?”

ಹೇಳಿದೆವು. ಅವನು ಅದನ್ನು ಎರಡು ಸಲ ಉಚ್ಚರಿಸಿದ. ಮೊದಲ ಸಲ ತಪ್ಪಿತು, ತಿದ್ದಿದೆವು. ಬಳಿಕ ಕಿಟಕಿಯತ್ತ ತಿರುಗಿ ಹಸಿರು ಹೋಲ್ಡನ್ನನ್ನು ಲೆಕ್ಕಕ್ಕೆ ಸೇರಿಸಿಕೊಂಡ. ಅಂದು ಸಂಜೆಯವರೆಗೆ ನಮಗೆ ಸಿಕ್ಕಿದ್ದು ಮೂರೇ.