ಬಚ್ಚಲಿನ ಚಿಲಕ

ರಾಂಜಣಗಾಂವಿನ ಕಾರ್ಖಾನೆಯೊಂದರ ಪ್ರಾಜೆಕ್ಟಿಗಾಗಿ ಇಲ್ಲೇ ಮನೆ ಮಾಡಿದ್ದೇನೆ. ಮಹಾಗಣಪತಿಯ ದರ್ಶನ ಮಾಡಬೇಕೆಂದು ಅಮ್ಮ ಊರಿನಿಂದ ಬಂದಿದ್ದಳು. ಬೆಳಿಗ್ಗೆ ಸ್ನಾನಕ್ಕೆ ಹೊರಟರೆ, "ಚಿಲಕ ಹಾಕ್ಕೋಬೇಡ ಕಣೋ" ಅಂದಳು. ನನಗೀಗ ನಲವತ್ನಾಲ್ಕು.

ಮೂರ್ಛೆರೋಗಕ್ಕೆ ನನಗೆ ಶಸ್ತ್ರಚಿಕಿತ್ಸೆಯಾದಾಗ ಹದಿನಾಲ್ಕು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಇಂಥ ಶಸ್ತ್ರಚಿಕಿತ್ಸೆ ಶುರುವಾದದ್ದು 1995ರಲ್ಲಿ, ನನ್ನದು ಮರುವರ್ಷ. ಬಲಗಿವಿಯ ಮೇಲೆ, ಮೆದುಳಿನ ಒಂದು ಚಿಕ್ಕ ಭಾಗವನ್ನು ತೆಗೆದರು. ಆಮೇಲೆ ಫಿಟ್ಸ್ ಬರಲಿಲ್ಲ. ಕೆಲವು ವರ್ಷಗಳಲ್ಲಿ ಮಾತ್ರೆಯೂ ನಿಂತಿತು.

ದೆಹಲಿಯ ಏಮ್ಸ್ ವೈದ್ಯರು 2017ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದ್ದೇನೆ. ಔಷಧಿಗೆ ಬಗ್ಗದ ಮೂರ್ಛೆರೋಗವಿದ್ದ ಮಕ್ಕಳಲ್ಲಿ, ಶಸ್ತ್ರಚಿಕಿತ್ಸೆಯಾದ ಶೇ. 77 ಮಂದಿಗೆ ವರ್ಷದ ಕೊನೆಗೆ ಫಿಟ್ಸ್ ಇರಲಿಲ್ಲ. ಬರೀ ಔಷಧಿಯಲ್ಲಿದ್ದವರಲ್ಲಿ ಶೇ. 7 ಮಂದಿಗೆ ಮಾತ್ರ. ಆಪರೇಷನ್ ಆದ ಮಕ್ಕಳ ಬದುಕಿನ ಗುಣಮಟ್ಟವೂ ಸುಧಾರಿಸಿತ್ತು.

ನನ್ನದೂ ಸುಧಾರಿಸಿತು. ಎಂಟೆಕ್ ಮಾಡಿದೆ, ಊರು ಬಿಟ್ಟು ಬಂದೆ. ಆದರೆ ರೋಗ ಹೋದ ಮೇಲೂ ಮನೆಯ ಕಾವಲು ಹೋಗಲಿಲ್ಲ. ಕೆರೆಗೆ ಕಳಿಸಲಿಲ್ಲ, ಈಜು ಬರಲಿಲ್ಲ. ಅದಕ್ಕೆ ಬಹಳ ವರ್ಷ ಅಮ್ಮನ ಮೇಲೆ ಸಿಟ್ಟಿತ್ತು. ನಾನು ಬಿದ್ದದ್ದು ನನಗೆ ನೆನಪಿಲ್ಲ. ಎತ್ತಿದ್ದು ಅವಳಿಗೆ ಮರೆತಿಲ್ಲ. ಇದು ಹೊಳೆಯಲು ಇಷ್ಟು ವರ್ಷ ಬೇಕಾಯಿತು.

ಅವತ್ತು ಚಿಲಕ ಹಾಕಿಕೊಂಡೆ. ಸ್ನಾನ ಮುಗಿಯುವವರೆಗೂ ಒಳಗಿನಿಂದ ಏನಾದರೂ ಮಾತಾಡುತ್ತಲೇ ಇದ್ದೆ. ಹೊರಗೆ ಅಮ್ಮ "ಹೂಂ, ಹೂಂ" ಅನ್ನುತ್ತಿದ್ದಳು.