ಹಳೇ ಅಂಬಾಸಿಡರಿಗೆ ಎಸಿ ಹಾಕಿಸಿದ ಕತೆ



ಹೋದ ಭಾನುವಾರ ನಮ್ಮ ಹಳೇ ಅಂಬಾಸಿಡರಿನ ಫೋಟೊ ಹಾಕಿ, 'ಕೊನೆಗೂ ಎಸಿ ಕೆಲಸ ಮಾಡ್ತಿದೆ' ಅಂತ ಒಂದು ಸಾಲು ಬರೆದಿದ್ದೆ. ಲೈಕುಗಳು ಬಂದವು. ಜೊತೆಗೆ ನಮ್ಮದೇ ಸಂಘಟನೆಯ ಹಿರಿಯರೊಬ್ಬರು, 'ಹೋರಾಟಗಾರರಿಗೂ ಈಗ ಎಸಿ ಬೇಕಾಯ್ತಾ ತಮ್ಮಾ?' ಅಂತ ಕೇಳಿದರು. ಕೊನೆಗೆ ನಗುವ ಮುಖ ಇತ್ತು, ಆದ್ರೂ ಚುಚ್ಚಿತು. ಅಲ್ಲೇ ಎರಡು ಸಲ ಉತ್ತರ ಬರೆದು ಅಳಿಸಿದೆ. ಎರಡು ಸಾಲಲ್ಲಿ ಮುಗಿಯೋ ಮಾತಲ್ಲ ಇದು. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಮ್ಮಪ್ಪ ಸರ್ಕಾರಿ ಡ್ರೈವರ್ ಆಗಿದ್ದವರು. 1975ರಿಂದ 2006ರವರೆಗೆ 31 ವರ್ಷ. ಇಲಾಖೆ ಯಾವುದು ಅನ್ನೋದು ಬೇಡ. ಅದರಲ್ಲಿ ಹೆಚ್ಚಿನ ವರ್ಷ ಓಡಿಸಿದ್ದು ಬಿಳಿ ಅಂಬಾಸಿಡರ್. ನಮ್ಮ ಕೇರಿಯಲ್ಲಿ ಮೊದಲು ಸರ್ಕಾರಿ ಸಂಬಳ ತಂದವರು ಅವರೇ. ಖಾಕಿ ಇಸ್ತ್ರಿ ಮಾಡಿ ಹಾಕ್ಕೊಂಡು ಹೊರಟರೆ ಅಜ್ಜಿ ಬಾಗಿಲಲ್ಲಿ ನಿಂತು ನೋಡೋಳು.

ನಾನು ಎರಡನೇ ಕ್ಲಾಸಲ್ಲಿದ್ದಾಗ ಅಪ್ಪ ಒಬ್ಬ ಸಾಹೇಬರ ಗಾಡಿಗಿದ್ದರು. ಆ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಒಂದು ಪುಟ್ಟ ಫ್ಯಾನು, ಹಿಂದಿನ ಸೀಟಿನ ಕಡೆ ಮುಖ ಮಾಡಿತ್ತು. ಎಂಜಿನ್ನಿನ ಬಿಸಿ ಅಪ್ಪನ ಕಾಲಿಗೆ, ಫ್ಯಾನಿನ ಗಾಳಿ ಸಾಹೇಬರ ಮುಖಕ್ಕೆ. ಒಂದು ಬೇಸಿಗೆ ಮಧ್ಯಾಹ್ನ ಸಾಹೇಬರು ಯಾರದೋ ಮನೆಗೆ ಊಟಕ್ಕೆ ಹೋದರು. ಅಪ್ಪ ಬಿಸಿಲಲ್ಲಿ ಗಾಡೀಲೇ ಕಾಯ್ತಾ ಕೂತವರು ತಡೆಯೋಕಾಗದೆ ಫ್ಯಾನನ್ನ ತಮ್ಮ ಕಡೆ ತಿರುಗಿಸಿಕೊಂಡಿದ್ದಾರೆ. ಸಾಹೇಬರು ವಾಪಸ್ ಬಂದು ನೋಡಿದರು. ಬೈಲಿಲ್ಲ, ಒಂದು ಮಾತೂ ಆಡಲಿಲ್ಲ. ಮಾರನೇ ದಿನ ಗಾಡಿಯನ್ನ ಗ್ಯಾರೇಜಿಗೆ ಕಳಿಸಿ, ಫ್ಯಾನು ಕಿತ್ತು ಹಿಂದಿನ ಸೀಟಿನ ಪಕ್ಕದ ಕಂಬಕ್ಕೆ ಬೋಲ್ಟ್ ಹಾಕಿಸಿದರು. ಗ್ಯಾರೇಜಿಗೆ ಗಾಡಿ ತಗೊಂಡು ಹೋದವರೂ ಅಪ್ಪನೇ, ಬಿಲ್ಲು ತಂದು ಕೊಟ್ಟವರೂ ಅಪ್ಪನೇ.

ಇದನ್ನ ಅಪ್ಪ ಯಾವತ್ತೂ ಅವಮಾನ ಅಂತ ಹೇಳಿದವರಲ್ಲ. 'ಆ ಫ್ಯಾನು ಬಲೇ ಗಟ್ಟಿ ಕೂರ್ಸಿದ್ರು ಕಣಾ' ಅಂತ ನಗ್ತಾರೆ ಅಷ್ಟೇ.

2011ರಲ್ಲಿ ದಾವಣಗೆರೆಯ ಅಕ್ಕಿ ಗಿರಣಿಯವರೊಬ್ಬರ ಹತ್ತಿರ ಒಂದು ಅಂಬಾಸಿಡರ್ ಮಾರಾಟಕ್ಕಿದೆ ಅಂತ ಗೊತ್ತಾಯ್ತು. 1978ರ ಮಾರ್ಕ್ ಥ್ರೀ, 1489 ಸಿಸಿ ಪೆಟ್ರೋಲ್ ಎಂಜಿನ್. ಅಪ್ಪ ಓಡಿಸಿದ ಗಾಡಿ ಅದಲ್ಲ. ಆದ್ರೆ ಅಪ್ಪ ಹೋಗಿ ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, 'ತಗೋ' ಅಂದರು. 42 ಸಾವಿರಕ್ಕೆ ತಗೊಂಡೆ. ಗುಮಾಸ್ತನ ಸಂಬಳಕ್ಕೆ ಅದೇ ದೊಡ್ಡದು. ಅವತ್ತಿಂದ ಆ ಗಾಡಿ ನಮ್ಮ ಮನೆಗಿಂತ ಹೆಚ್ಚು ಸಂಘಟನೆಗೇ ದುಡಿದಿದೆ. ಕೇಳಿದ ಹಿರಿಯರೂ ಅದರಲ್ಲಿ ಎಷ್ಟೋ ಹಳ್ಳಿಗೆ ಬಂದಿದ್ದಾರೆ.

ಆ ಗಾಡೀಲಿ ಮೊದಲೇ ಒಂದು ಎಸಿ ಇತ್ತು. ಕಂಪನಿಯದ್ದಲ್ಲ, ಹಿಂದಿನ ಮಾಲೀಕರು ಯಾವ ಕಾಲದಲ್ಲೋ ಹೊರಗೆ ಹಾಕಿಸಿದ್ದು. ಡ್ಯಾಶ್‌ಬೋರ್ಡಿನ ಕೆಳಗೆ ಟ್ರಂಕಿನಂಥ ಪೆಟ್ಟಿಗೆ, ಎಂಜಿನ್ ಪಕ್ಕ ಎತ್ತಲಾರದಷ್ಟು ಭಾರದ ಕಂಪ್ರೆಸರ್. ನಾವು ತಗೊಳ್ಳೋ ಹೊತ್ತಿಗೇ ಸತ್ತು ಹೋಗಿತ್ತು. ನಾವೂ ತಲೆ ಕೆಡಿಸಿಕೊಳ್ಳಲಿಲ್ಲ, ಗ್ಲಾಸು ಇಳಿಸಿಕೊಂಡು ಓಡಾಡಿದ್ವಿ.

ಈಗ ಅಪ್ಪನಿಗೆ ಶ್ವಾಸಕೋಶದ ತೊಂದರೆ. ತಿಂಗಳಿಗೆ ಎರಡು ಸಲ ಚಿತ್ರದುರ್ಗದಿಂದ ದಾವಣಗೆರೆ ಆಸ್ಪತ್ರೆಗೆ ಹೋಗಬೇಕು. ಹೆಚ್ಚೂಕಮ್ಮಿ 60 ಕಿಲೋಮೀಟರ್ ಹೈವೇ. ಗ್ಲಾಸು ಇಳಿಸಿದ್ರೆ ಲಾರಿಗಳ ಹೊಗೆ, ಧೂಳು. ಏರಿಸಿದ್ರೆ ಒಲೆ. ಹೋದ ವರ್ಷ ಮೇ ತಿಂಗಳಲ್ಲಿ ದಾರಿ ಮಧ್ಯೆ ಉಸಿರು ಸಿಕ್ಕಿಹಾಕಿಕೊಂಡು ತುಟಿ ನೀಲಿ ಆಯ್ತು. ರಸ್ತೆ ಪಕ್ಕ ಬೇವಿನ ಮರದ ಕೆಳಗೆ ಅಪ್ಪನ್ನ ಮಲಗಿಸಿ ಅಮ್ಮ ಸೆರಗಲ್ಲಿ ಗಾಳಿ ಹಾಕಿದಳು. ಅವತ್ತೇ ತೀರ್ಮಾನ ಮಾಡಿದೆ.

ಹಳೇ ಗಾಡಿ ಇರೋ ಗೆಳೆಯರು ಒಂದಿಬ್ಬರಾದ್ರೂ ಇದ್ದೀರಿ, ಅದಕ್ಕೆ ಕೆಲಸದ ವಿವರ ಹೇಳ್ತೀನಿ.

ಮೊದಲು ನಾನಂದುಕೊಂಡಿದ್ದು ಗ್ಯಾಸ್ ತುಂಬಿಸಿದ್ರೆ ಸಾಕು ಅಂತ. ಎಸಿ ಕೆಲಸದ ಭಾಯಿ ನಕ್ಕರು. ಹಳೇ ಎಸಿಗೆ ಬೇಕಾದ್ದು ಆರ್-12 ಅನ್ನೋ ಗ್ಯಾಸು. ಅದು ಓಝೋನ್ ಪದರ ಹಾಳು ಮಾಡೋ ಸಿಎಫ್‌ಸಿ ಜಾತಿಯದು. (ಗ್ಯಾಸಲ್ಲೂ ಜಾತಿ ಬಂತು ನೋಡಿ!) 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು, 2010ರ ಹೊತ್ತಿಗೆ ನಮ್ಮಲ್ಲೂ ಅದು ಬಂದ್ ಆಯ್ತು. ಈಗ ಹಳೇ ಗಾಡಿಗಳಿಗೆ ಸಿಗೋದು ಆರ್-134ಎ. ಅದನ್ನ ಸೀದಾ ಹಳೇ ಸಿಸ್ಟಮ್ಮಿಗೆ ತುಂಬಿದ್ರೆ ಆಗಲ್ಲ. ಹಳೇ ಕಂಪ್ರೆಸರ್ ಎಣ್ಣೆ ಹೊಸ ಗ್ಯಾಸಿನ ಜೊತೆ ಬೆರೆಯಲ್ಲ, ಎಣ್ಣೆ ಸುತ್ತಿ ಬರದಿದ್ರೆ ಕಂಪ್ರೆಸರ್ ಜಾಮ್. ಹಳೇ ರಬ್ಬರ್ ಪೈಪಿನಲ್ಲೂ ಹೊಸ ಗ್ಯಾಸು ನಿಲ್ಲಲ್ಲ, ನಿಧಾನಕ್ಕೆ ಸೋರಿ ಹೋಗುತ್ತೆ. ಹಾಗಾಗಿ ಎಲ್ಲಾ ಕಿತ್ತು ಹೊಸದು ಹಾಕೋದೇ ದಾರಿ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಮೂರು ಸಲ ಹೋದೆ. ಸ್ಯಾಂಡೆನ್ 508 ಮಾದರಿಯ ಐದು ಪಿಸ್ಟನ್ನಿನ ಕಂಪ್ರೆಸರ್ ಸಿಕ್ತು, ಹಳೇದಕ್ಕಿಂತ ಎಷ್ಟೋ ಹಗುರ. ಕಂಡೆನ್ಸರ್ ಮಾತ್ರ ಹಳೇ ಪೈಪಿನ ಥರದ್ದು ಬೇಡ, ಪ್ಯಾರಲಲ್ ಫ್ಲೋ ಅಂತ ಬರುತ್ತಲ್ಲ, ಅದೇ ತಗೊಳ್ಳಿ. ಆರ್-134ಎ ಗ್ಯಾಸಿನ ಬಿಸಿ ಇಳಿಸೋಕೆ ಅದೇ ಒಳ್ಳೇದು. ಎಕ್ಸ್‌ಪ್ಯಾನ್ಷನ್ ವಾಲ್ವ್, ಡ್ರೈಯರ್, ಓ-ರಿಂಗ್‌ಗಳು, ಗ್ಯಾಸ್ ಸೋರದ ಬ್ಯಾರಿಯರ್ ಪೈಪು ಎಲ್ಲಾ ಹೊಸದು.

ಅಂಬಾಸಿಡರಿಗೆ ಅಂತ ರೆಡಿ ಬ್ರಾಕೆಟ್ ಸಿಗಲಿಲ್ಲ. ಲೇತ್ ಅಂಗಡೀಲಿ ಮಾಡಿಸಿದ್ವಿ. ಪುಲ್ಲಿ ಒಂದೇ ಗೆರೆಗೆ ಬರದೆ ಎರಡು ಬೆಲ್ಟ್ ತಿಂದು ಹಾಕಿತು. ಅಪ್ಪ ಕುರ್ಚಿ ಹಾಕ್ಕೊಂಡು ಕೂತು, ದಾರ ಹಿಡಿಸಿ ನೋಡಿ, 'ಮೂರು ಎಂಎಂ ಹೊರಗೈತೆ' ಅಂದರು. ಅಳತೆ ಹಿಡಿದ್ರೆ ಸರಿಯಾಗಿ ಮೂರೇ.

ಆಮೇಲೆ ಕರೆಂಟಿನ ಸಮಸ್ಯೆ. ಗಾಡೀಲಿ ಇದ್ದದ್ದು ಹಳೇ ಡೈನಮೋ. ಎಂಜಿನ್ ನಿಧಾನಕ್ಕೆ ತಿರುಗುವಾಗ ಅದು ಚಾರ್ಜೇ ಮಾಡಲ್ಲ. ಎಸಿ ಬ್ಲೋವರ್, ಕಂಡೆನ್ಸರ್ ಫ್ಯಾನು, ಹೆಡ್‌ಲೈಟು ಮೂರೂ ಹಾಕಿದ್ರೆ ಬ್ಯಾಟರಿ ಖಾಲಿ. ಆಲ್ಟರ್ನೇಟರ್ ಹಾಕಿಸಿದ್ವಿ. ಸಿಗ್ನಲ್ಲಲ್ಲಿ ನಿಂತಾಗ ಎಸಿ ಭಾರಕ್ಕೆ ಎಂಜಿನ್ ಆಫ್ ಆಗ್ತಿತ್ತು. ಕಾರ್ಬುರೇಟರಿಗೆ ಐಡಲ್ ಏರಿಸೋ ಒಂದು ಸಣ್ಣ ಸಾಧನ ಜೋಡಿಸಿದ್ರು. ಮೊದಲ ಟ್ರಯಲ್ಲಲ್ಲಿ ಎಂಜಿನ್ ಕುದೀತು. ರೇಡಿಯೇಟರಿಗೆ ಹೊಸ ಕೋರ್ ಹಾಕಿಸಬೇಕಾಯ್ತು. ಎಸಿಗೆ ಒಂದು ರೂಪಾಯಿ ಹಾಕೋ ಮುಂಚೆ ರೇಡಿಯೇಟರ್ ನೋಡಿ, ಇದು ನನ್ನ ಅನುಭವದ ಮಾತು. ಪೆಡಲ್ಲು ಇಳಿಯೋ ತೂತು, ವೈರು ಬರೋ ತೂತು ಎಲ್ಲಾ ರಬ್ಬರ್ ಹಾಕಿ ಮುಚ್ಚಿಸಿ. ಇಲ್ಲಾಂದ್ರೆ ಎಂಜಿನ್ ಬಿಸಿ ಒಳಗೇ ಬರುತ್ತೆ, ಎಂಥಾ ಎಸಿ ಹಾಕಿದ್ರೂ ದಂಡ.

ಎಲ್ಲಾ ಸೇರಿ 46,500 ರೂಪಾಯಿ. ಎಂಟು ತಿಂಗಳು, ಸಂಬಳ ಬಂದ ಹಾಗೆ ಒಂದೊಂದೇ ಪಾರ್ಟು.

ಗ್ಯಾಸ್ ತುಂಬೋ ದಿನ ಮುಕ್ಕಾಲು ಗಂಟೆ ವ್ಯಾಕ್ಯೂಮ್ ಎಳೆದು, ಮುಳ್ಳು ಅಲ್ಲಾಡುತ್ತಾ ಅಂತ ಕಾಯ್ತಾ ಕೂತಿದ್ವಿ. ಆವಾಗ ಭಾಯಿ ಒಂದು ಮಾತು ಹೇಳಿದ್ರು. 'ಎಸಿ ತಂಪು ಹುಟ್ಟಿಸುತ್ತೆ ಅಂದ್ಕೊಂಡಿದೀರಾ ಸಾರ್? ಇಲ್ಲ. ಒಳಗಿನ ಬಿಸಿ ಎತ್ತಿ ಹೊರಗೆ ಹಾಕುತ್ತೆ, ಅಷ್ಟೇ. ಬಿಸಿ ಎಲ್ಲೂ ಹೋಗಲ್ಲ, ಹೊರಗೆ ನಿಂತೋನ ಮೇಲೆ ಬೀಳುತ್ತೆ.'

ಅವರು ಮಿಷನ್ ಬಗ್ಗೆ ಹೇಳಿದ್ದು. ನಾನು ಅಪ್ಪನ ಮುಖ ನೋಡಿದೆ.

ಈ ದೇಶದಲ್ಲಿ ಬಿಸಿಲು ಎಲ್ಲರ ಮೇಲೂ ಒಂದೇ ಥರ ಬೀಳಲ್ಲ. ಕುದಿಯೋ ಡಾಂಬರಿನ ಮುಂದೆ ನಿಲ್ಲೋರು, ಮಧ್ಯಾಹ್ನ ಕಸದ ಗಾಡಿ ತಳ್ಳೋರು, ಇಟ್ಟಿಗೆ ಗೂಡಲ್ಲಿ ಬೇಯೋರು ಯಾರು ಅಂತ ನಾನು ಹೇಳಬೇಕಾಗಿಲ್ಲ. ಗಾಡಿ ವಿಷಯದಲ್ಲೂ ಹಾಗೇ. 1929ರಲ್ಲಿ ಚಾಳೀಸಗಾಂವ್‌ನಲ್ಲಿ ಬಾಬಾಸಾಹೇಬರನ್ನ ಕೂರಿಸಿಕೊಂಡು ಓಡಿಸೋಕೆ ಟಾಂಗಾದವರು ಒಪ್ಪಲಿಲ್ಲ. ಟಾಂಗಾ ಬಾಡಿಗೆಗೆ ಕೊಡೋಕೆ ತಯಾರು, ಓಡಿಸೋಕೆ ಇಲ್ಲ. ಓಡಿಸಿ ಗೊತ್ತಿಲ್ಲದ ನಮ್ಮವರೊಬ್ಬರು ಲಗಾಮು ಹಿಡಿದರು. ಮೋರಿ ಹತ್ತಿರ ಟಾಂಗಾ ಮುಗುಚಿ ಬಾಬಾಸಾಹೇಬರ ಕಾಲಿನ ಮೂಳೆ ಮುರೀತು. ಅವರೇ ಬರೆದುಕೊಂಡಿದ್ದಾರೆ. ಟಾಂಗಾದವರಿಗೆ ನಮ್ಮವರನ್ನ ಕೂರಿಸಿ ಓಡಿಸೋದು ಕೀಳು ಅನ್ನಿಸಿತ್ತು. ನಮ್ಮಪ್ಪನ ಕಾಲಕ್ಕೆ ಅವರನ್ನ ನಾವು ಓಡಿಸಬಹುದಿತ್ತು, ಗಾಳಿಯಲ್ಲಿ ಪಾಲು ಕೇಳೋ ಹಾಗಿರಲಿಲ್ಲ.

ಅದಕ್ಕೇ ಹಿರಿಯರಿಗೆ ನನ್ನ ಉತ್ತರ ಇದು ಅಣ್ಣಾ. ಬೆವರು ಸುರಿಸೋದು ನಮ್ಮ ಹಣೆಬರಹ ಅಂತ ಅವರು ಹೇಳಿದ್ದು ಸಾಕು, ಹೋರಾಟದ ಹೆಸರಲ್ಲಿ ನಾವೂ ಅದನ್ನೇ ಹೇಳೋದು ಬೇಡ. ತಂಪು ತಪ್ಪಲ್ಲ. ನಮ್ಮ ಬಿಸಿ ಯಾರ ಮೇಲೆ ಬೀಳ್ತಿದೆ ಅಂತ ಮರೆಯೋದು ತಪ್ಪು. ಆರ್-134ಎ ಓಝೋನ್ ಪದರ ಕೆಡಿಸಲ್ಲ, ಆದ್ರೆ ಗಾಳಿಗೆ ಬಿಟ್ರೆ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿನ ಕಾಯಿಸುತ್ತೆ. ಅದಕ್ಕೆ ಒಂದು ಸೋರಿಕೆಯೂ ಇರಬಾರದು ಅಂತ ಭಾಯಿಗೆ ಕಾಟ ಕೊಟ್ಟಿದ್ದೀನಿ. ನೆರಳಲ್ಲಿ ನಿಂತಿದ್ದಾಗ ಎಂಜಿನ್ ಆಫ್ ಮಾಡ್ತೀನಿ.

ಇನ್ನೊಂದು ಮಾತು. ಫಿಟಿಂಗ್ ಮಾಡುವಾಗ ಅಂಗಡಿ ಹುಡುಗ, 'ಓನರ್ ಹಿಂದೆ ಕೂರ್ತಾರಾ ಸಾರ್? ಹಂಗಾದ್ರೆ ಹಿಂದಕ್ಕೊಂದು ಪೈಪ್ ಎಳೀಬೇಕು' ಅಂತ ಕೇಳಿದ. ಪಾಪ, ಅವನಿಗೇನು ಗೊತ್ತು. ಅಪ್ಪ ಜೋರಾಗಿ ನಕ್ಕು ಕೆಮ್ಮು ಬಂತು.

ಹೋದ ಭಾನುವಾರ ಮೊದಲ ಸಲ ಹೊರಟ್ವಿ. ಹೊರಗೆ 39 ಡಿಗ್ರಿ. ಅಪ್ಪನಿಗೆ ಹಿಂದಿನ ಬಾಗಿಲು ತೆಗೆದೆ. ಜೀವನದಲ್ಲಿ ಒಂದು ಸಲ ಸಾಹೇಬರ ಸೀಟಲ್ಲಿ ಕೂರಲಿ ಅಂತ ನನಗೆ ಆಸೆ. ಅಪ್ಪ ಆ ಸೀಟನ್ನ ನೋಡಿದರು, ಬಾಗಿಲು ಹಾಕಿದರು, ಮುಂದೆ ಬಂದು ನನ್ನ ಪಕ್ಕ ಕೂತರು. ಹಿಂದಿನ ಸೀಟು ಅಮ್ಮನಿಗೆ. ಹೈವೇಗೆ ಬಂದ ಮೇಲೆ ಥರ್ಮಾಮೀಟರ್ ಇಟ್ಟು ನೋಡಿದ್ವಿ, ಗಾಳಿ 9 ಡಿಗ್ರಿಗೆ ಬರ್ತಿತ್ತು. ನಾನು ಜಾಲರಿಯನ್ನ ಅಪ್ಪನ ಕಡೆ ತಿರುಗಿಸಿದೆ. ಅಪ್ಪ ಕೈ ಚಾಚಿ ಅದನ್ನ ಅರ್ಧ ನನ್ನ ಕಡೆ ತಿರುಗಿಸಿದರು.

'ಗಾಡಿ ಓಡ್ಸೋನಿಗೂ ಗಾಳಿ ಬೇಕಲೇ' ಅಂದರು.

ದಾವಣಗೆರೆವರೆಗೂ ಒಂದು ಸಲವೂ ಕೆಮ್ಮಲಿಲ್ಲ.

ಬರೋ ವಾರ ಹಳ್ಳಿಗೆ ಸತ್ಯಶೋಧನೆಗೆ ಹೋಗೋದಿದೆ. ಗಾಡೀಲಿ ಮೂರು ಸೀಟು ಖಾಲಿ ಇದೆ. ಕಾಮೆಂಟ್ ಹಾಕಿದ ಅಣ್ಣನಿಗೇ ಮೊದಲ ಸೀಟು. ಎಲ್ಲಿ ಬೇಕಾದ್ರೂ ಕೂರಿ, ಜಾಲರಿ ಎಲ್ಲಾ ಕಡೆ ತಿರುಗುತ್ತೆ.

ಜೈ ಭೀಮ್.