ಜಗಲಿಯಲ್ಲಿ ಹರವಿದ ಪಟಗಳು

ಆಟಿ ತಿಂಗಳ ಮಳೆ ತುಸು ಹಿಮ್ಮೆಟ್ಟಿ ಸೋಣದ ಎಳೆಬಿಸಿಲು ಅಂಗಳಕ್ಕೆ ಇಳಿಯಿತೆಂದರೆ, ನಮ್ಮ ಮನೆಯಲ್ಲಿ ಪ್ರತಿವರ್ಷವೂ ತಪ್ಪದೆ ನಡೆಯುವ ಕಾರ್ಯವೊಂದುಂಟು. ಹಪ್ಪಳ ಒಣಗಿಸುವ ಚಾಪೆಯನ್ನು ಜಗಲಿಯಲ್ಲಿ ಹಾಸಿ, ಕಬ್ಬಿಣದ ಟ್ರಂಕಿನಲ್ಲಿರುವ ಛಾಯಾಚಿತ್ರಗಳನ್ನೆಲ್ಲ ಹೊರತೆಗೆದು ಒಂದೊಂದಾಗಿ ಹರವುವುದೇ ಆ ಕಾರ್ಯ. ಕಾಸರಗೋಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತುವಿಲ್ಲ. ಚರ್ಮದ ಚಪ್ಪಲಿಯಿಂದ ಹಿಡಿದು ಶಾಲೆಯ ಹಾಜರಿ ಪುಸ್ತಕದ ರಟ್ಟಿನವರೆಗೆ ಎಲ್ಲದರ ಮೇಲೂ ಅದರ ಅಧಿಕಾರ ನಡೆಯುತ್ತದೆ. ಪಟಗಳನ್ನು ಬಿಸಿಲಿಗೇ ಇಟ್ಟರೆ ಬಣ್ಣ ಮಾಸುತ್ತದೆ, ಒಳಗೇ ಬಿಟ್ಟರೆ ಬೂಷ್ಟು ತಿನ್ನುತ್ತದೆ. ಆದುದರಿಂದ ಮಾಡಿನ ನೆರಳೂ ಹೊರಗಿನ ಗಾಳಿಯೂ ಕೂಡುವ ಜಗಲಿಯೇ ಅವುಗಳಿಗೆ ಯೋಗ್ಯವಾದ ಸ್ಥಳವೆಂದು ಬಹಳ ವರ್ಷಗಳ ಅನುಭವದಿಂದ ಕಂಡುಕೊಂಡಿದ್ದೇವೆ. ದಾರಿಯಲ್ಲಿ ಹೋಗುವವರು ಸಹಜವಾಗಿ ಮೆಟ್ಟಿಲು ಹತ್ತಿ ಬಂದು ನೋಡುತ್ತಾರೆ. “ಮಾಷ್ಟ್ರೇ, ಇದರಲ್ಲಿ ನಿಮಗೆ ಹೆಚ್ಚು ಮೆಚ್ಚಿಕೆಯಾದ ಪಟ ಯಾವುದು?” ಎಂದು ಒಬ್ಬರಲ್ಲ ಒಬ್ಬರು ಕೇಳುವುದೂ ಉಂಟು. ಆ ಪ್ರಶ್ನೆಗೆ ನಾವು ಕೊಡುತ್ತಿದ್ದ ಉತ್ತರ ಈ ವರ್ಷ ಬದಲಾಯಿತು. ಅದನ್ನು ಓದುಗ ಬಂಧುಗಳಲ್ಲಿ ಹೇಳಿಕೊಳ್ಳುವುದಕ್ಕಾಗಿಯೇ ಈ ಬರಹ.

ನಾವು ಅಧ್ಯಾಪಕ ತರಬೇತಿಯಲ್ಲಿದ್ದಾಗ ನಮ್ಮ ಸೋದರಮಾವ ತಾವು ಬಳಸಿ ಬಿಟ್ಟಿದ್ದ ಅಗ್ಫಾ ಕ್ಲಿಕ್ ಎಂಬ ಕರಿಯ ಪೆಟ್ಟಿಗೆಯನ್ನು ನಮ್ಮ ಕೈಗಿತ್ತರು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಬೆನ್ನಿನ ಕೆಂಪು ಕಿಂಡಿಯಲ್ಲಿ ಅಂಕೆ ಕಾಣಿಸುವವರೆಗೆ ಸುರುಳಿಯನ್ನು ತಿರುಗಿಸಬೇಕು. ಮರೆತಿರೋ, ಬೇಕಲ ಕೋಟೆಯ ಮೇಲೆ ಚಿಕ್ಕಮ್ಮನ ಮಗಳ ಮದುವೆಯ ದಿಬ್ಬಣ ಮೂಡಿಬರುತ್ತದೆ. ನಮಗೆ ಹಾಗೆ ಆದದ್ದೂ ಉಂಟು. ಅಂದಿನ ‘ಇಂದು’ ಎಂಬ ಕಪ್ಪು-ಬಿಳುಪು ಫಿಲ್ಮು ನೀಲಗಿರಿಯ ಉದಕಮಂಡಲದಲ್ಲಿ, ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಈ ಪತ್ರಿಕೆಯನ್ನೋದುವ ನೀಲಗಿರಿಯ ಬಂಧುಗಳಿಗೆ ಅದರ ನೆನಪಿರಬಹುದು. ಈಗ ಆ ಕಾರ್ಖಾನೆ ಮುಚ್ಚಿದೆ. ಹನ್ನೆರಡೇ ಅವಕಾಶಗಳಿದ್ದ ಕಾರಣ ನಾವು ನೋಡುತ್ತಿದ್ದುದು ಹೆಚ್ಚು, ಗುಂಡಿಯೊತ್ತುತ್ತಿದ್ದುದು ಕಡಮೆ. ಈಗ ಎಲ್ಲರಂತೆ ನಾವೂ ಮೊಬೈಲಿನಲ್ಲಿ ತೆಗೆಯುತ್ತೇವೆ. ಅದನ್ನು ಹಳಿಯುವ ಹಿರಿತನ ನಮಗೆ ಬೇಡ. ಮೊಬೈಲನ್ನು ಜಗಲಿಯಲ್ಲಿ ಹರವಲು ಬರುವುದಿಲ್ಲ ಎಂಬುದೊಂದೇ ನಮ್ಮ ಆಕ್ಷೇಪ.

ಬಹುಕಾಲ ನಮ್ಮ ಮೆಚ್ಚಿಕೆಯ ಪಟವೆಂದರೆ ಬೇಕಲದ್ದೇ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಕಟ್ಟಿಸಿದನೆನ್ನುವ ಈ ಕೋಟೆ ಸುಮಾರು 40 ಎಕರೆಗಳಷ್ಟು ವಿಸ್ತಾರವಾಗಿದ್ದು, ಮೂರು ದಿಕ್ಕುಗಳಿಂದ ಕಡಲಿನಲ್ಲಿ ಕಾಲು ಚಾಚಿ ಕುಳಿತಂತಿದೆ. ನಡುವಿನ ವೀಕ್ಷಣಾ ಬುರುಜಿಗೆ ಮೆಟ್ಟಿಲುಗಳಿಲ್ಲ, ಇಳಿಜಾರಾದ ದಾರಿಯಿದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ಅದರ ಮೇಲೆ ಅವರು ಒಂದೇ ಓಟದಲ್ಲಿ ಏರುತ್ತಾರೆ, ನಾವು ಎರಡು ಸಲ ನಿಂತು ಏರುತ್ತೇವೆ. ಮೇಲಿನಿಂದ ತೆಗೆದ ಸೂರ್ಯಾಸ್ತದ ಚಿತ್ರವನ್ನು ದೊಡ್ಡದು ಮಾಡಿಸಿ ಶಾಲೆಯ ಗೋಡೆಗೂ ತೂಗಹಾಕಿದ್ದೆವು. ವರ್ಷಗಳು ಉರುಳಿದಂತೆ ಅದೇ ಸೂರ್ಯಾಸ್ತ ಬ್ಯಾಂಕಿನ ಕ್ಯಾಲೆಂಡರಿನಲ್ಲಿ, ಹೋಟೆಲಿನ ಗೋಡೆಯಲ್ಲಿ, ಕೊನೆಗೆ ಮದುವೆಯ ಆಲ್ಬಮ್ಮುಗಳಲ್ಲಿಯೂ ಕಾಣತೊಡಗಿತು. ನಮ್ಮ ಪಟದಲ್ಲಿ ನಮ್ಮದೆಂಬುದು ಏನೂ ಇರಲಿಲ್ಲವೆಂಬುದು ಆಗ ನಮಗೆ ಹೊಳೆಯಿತು.

ಅದೇ ಸುರುಳಿಯಲ್ಲಿ ಉಳಿದಿದ್ದ ಕೊನೆಯದೊಂದನ್ನು ಸುಮ್ಮನೆ ಮುಗಿಸುವುದಕ್ಕಾಗಿ ಕೋಟೆಯ ಗೋಡೆಯನ್ನೇ ಹತ್ತಿರದಿಂದ ತೆಗೆದಿದ್ದೆವು. ಮುರಕಲ್ಲಿನ ಸಂದುಗಳಲ್ಲಿ ಹಸುರು ಜರೀಗಿಡಗಳು, ಕಲ್ಲಿನ ಮೈತುಂಬ ಜೇನುಗೂಡಿನಂಥ ತೂತುಗಳು. ಈ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರು ಜಗತ್ತಿಗೆ ದೊರೆತದ್ದು ನಮ್ಮ ಕಡಲತೀರದಿಂದಲೇ. ಮಲಬಾರಿನ ಅಂಗಾಡಿಪುರದಲ್ಲಿ ಅದನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಪದದಿಂದ ಈ ಹೆಸರನ್ನು ರೂಪಿಸಿದನು. ಅಗೆಯುವಾಗ ಮೃದು, ಗಾಳಿ ತಾಗಿದಂತೆ ಗಟ್ಟಿ. ನಮ್ಮ ಮನೆ, ಶಾಲೆ, ಬಾವಿಯ ಕಟ್ಟೆ ಎಲ್ಲವೂ ಈ ಕಲ್ಲಿನವೇ. ಆ ಪಟ ನಮ್ಮ ಕಣ್ಣನ್ನು ದಿಗಂತದಿಂದ ಕಾಲಬುಡಕ್ಕೆ ಇಳಿಸಿತು.

ಅಲ್ಲಿಂದ ಮುಂದೆ ನಮ್ಮ ಚಿತ್ರಗಳೆಲ್ಲ ಪದವುಗಳದ್ದೇ. ಬೇಸಗೆಯಲ್ಲಿ ಸುಟ್ಟ ರೊಟ್ಟಿಯಂತೆ ಕಪ್ಪಗಿರುವ ಮುರಪಾದೆಗಳು ಸೋಣ ತಿಂಗಳಲ್ಲಿ ಹೇಗಿರುತ್ತವೆಂಬುದನ್ನು ನೋಡದವರಿಗೆ ಹೇಳಿ ತಿಳಿಸುವುದು ಕಷ್ಟ. ಬಂಡೆಯ ಮೇಲೆ ಬೆರಳಿನಷ್ಟು ನೀರು, ಆ ನೀರಿನ ತುಂಬ ಬೆಂಕಿಕಡ್ಡಿಯೆತ್ತರದ ನೀಲಿ ಹೂಗಳು. ನೋಡಲು ಮುಗ್ಧವಾದ ಈ ಸಸ್ಯ ನೀರಿನೊಳಗೆ ಸೂಜಿಮೊನೆಯಷ್ಟು ದೊಡ್ಡ ಚೀಲಗಳನ್ನು ಬಿಟ್ಟುಕೊಂಡು ಸೂಕ್ಷ್ಮ ಜೀವಿಗಳನ್ನು ಒಳಗೆಳೆದು ಜೀರ್ಣಿಸಿಕೊಳ್ಳುತ್ತದೆ. ಸಾರವಿಲ್ಲದ ಬಂಡೆಯ ಮೇಲೆ ಬದುಕುವುದಕ್ಕೆ ಅದು ಕಂಡುಕೊಂಡ ಉಪಾಯವಿದು. ಇದನ್ನು ತೆಗೆಯಬೇಕಾದರೆ ಹೊಟ್ಟೆಯಡಿಯಾಗಿ ಮಲಗಬೇಕು. ಹೆಡ್‌ಮಾಷ್ಟ್ರು ಪಾದೆಯಲ್ಲಿ ಬೋರಲು ಬಿದ್ದುಕೊಂಡಿದ್ದಾರೆಂದು ದನ ಮೇಯಿಸುತ್ತಿದ್ದ ಹುಡುಗ ಓಡಿಹೋಗಿ ನಮ್ಮ ಮನೆಯವರಿಗೆ ಸುದ್ದಿ ಮುಟ್ಟಿಸಿದ್ದನು. ಪೊಸಡಿ ಗುಂಪೆಯ ನೆತ್ತಿಯಿಂದ ಕಡಲನ್ನು ತೆಗೆದ ಚಿತ್ರಗಳೂ ನಮ್ಮಲ್ಲಿವೆ. ಆದರೆ ಜನ ಕೈಗೆತ್ತಿಕೊಂಡು ನೋಡುವುದು ಈ ನೀಲಿಯನ್ನೇ.

ದೂರದ ಪ್ರಯಾಣಗಳಲ್ಲಿ ನಮಗೆ ಯಶಸ್ಸು ಕಡಮೆ. 12 ವರ್ಷಗಳಿಗೊಮ್ಮೆ ಅರಳುವ ನೀಲಕುರಿಂಜಿಯನ್ನು ನೋಡಲೆಂದು 2006ರಲ್ಲಿ ಮುನ್ನಾರಿಗೆ ಹೋದೆವು. ಗುಡ್ಡ ತುಂಬ ಮಂಜು. ತೆಗೆದ ಇಡೀ ಸುರುಳಿಯಲ್ಲಿ ಬಿಳಿಯ ಹೊರತು ಮತ್ತೇನಿಲ್ಲ. 2018ರಲ್ಲಿ ಮತ್ತೆ ಹೊರಟಾಗ ಆಗಸ್ಟಿನ ಮಹಾಪ್ರವಾಹ ರಸ್ತೆಗಳನ್ನೇ ಕೊಂಡೊಯ್ದಿತು. ಮುಂದಿನದು 2030ಕ್ಕೆ, ಅಷ್ಟರಲ್ಲಿ ನಿವೃತ್ತಿಯೂ ಆಗಿರುತ್ತದೆ, ನೋಡೋಣ.

ಕುಂಬಳೆಯ ಬಳಿಯ ಅನಂತಪುರದ ಸರೋವರ ಕ್ಷೇತ್ರದಲ್ಲಿ ತೆಗೆದ ಚಿತ್ರ ಇನ್ನೊಂದು ಬಗೆಯದು. ನಿಶ್ಚಲವಾದ ಹಸುರು ನೀರು, ಅದರ ಮೇಲೆ ಎರಡೇ ಎರಡು ಉಬ್ಬುಗಳು. ಬಬಿಯಾ ಮೊಸಳೆಯ ಕಣ್ಣುಗಳವು. ನೈವೇದ್ಯದ ಅನ್ನವನ್ನುಂಡು, ಯಾರಿಗೂ ಕೇಡು ಮಾಡದೆ ಬದುಕಿತೆಂದು ಭಕ್ತರು ಕೊಂಡಾಡುತ್ತಿದ್ದ ಆ ಮೊಸಳೆ 2022ರ ಅಕ್ಟೋಬರ್ 9ರಂದು ತೀರಿಕೊಂಡಿತು. 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಮತ್ತೊಂದು ಮೊಸಳೆ ಕಾಣಿಸಿಕೊಂಡಿತು. ಮೊದಲೆಲ್ಲ ಆ ಪಟವನ್ನು ನೋಡಿದವರು “ಇದರಲ್ಲಿ ಎಂಥ ಉಂಟು?” ಎನ್ನುತ್ತಿದ್ದರು. ಬಬಿಯಾ ಹೋದ ಮೇಲೆ ಆ ಎರಡು ಉಬ್ಬುಗಳನ್ನು ಬೆರಳಿಟ್ಟು ಹುಡುಕುತ್ತಾರೆ. ಪ್ರತಿ ಪಟದ ಬೆನ್ನಿನ ಮೇಲೆ ಊರು, ತಿಂಗಳು, ವರ್ಷಗಳನ್ನು ಪೆನ್ಸಿಲಿನಲ್ಲಿ ಬರೆದಿಡುವುದು ನಮ್ಮ ರೂಢಿ. ರಸ್ತೆಯ ಫಲಕಗಳಲ್ಲಿ ಮಂಜೇಶ್ವರವು ಮಂಜೇಶ್ವರಂ ಆದರೂ ನಮ್ಮ ಪಟಗಳ ಬೆನ್ನಿನಲ್ಲಿ ಅದು ಮಂಜೇಶ್ವರವಾಗಿಯೇ ಇದೆ.

ಇನ್ನು, ಹೇಳಬೇಕೆಂದು ಹೊರಟ ಪಟದ ವಿಷಯ. ಅದರ ಬೆನ್ನಿನಲ್ಲಿ ನಾವು ಬರೆದಿದ್ದುದು ಇಷ್ಟು: ‘ಸುರಂಗ, ಶಾಲೆಯ ಹಿಂದಿನ ಗುಡ್ಡ, ಏಪ್ರಿಲ್ 1997. ಗೋಡೆಯಲ್ಲಿ ಕಲೆ.’

ಹೊರಗಿನ ಓದುಗರಿಗಾಗಿ ಎರಡು ಮಾತು. ನಮ್ಮ ಕಡೆ ನೀರಿಗಾಗಿ ನೆಲವನ್ನು ಕೆಳಮುಖವಾಗಿ ಮಾತ್ರ ಅಗೆಯುವುದಲ್ಲ, ಗುಡ್ಡದ ಬದಿಯಿಂದ ಅಡ್ಡಲಾಗಿಯೂ ಅಗೆಯುವುದುಂಟು. ಬಾಯಾರು, ಶೇಣಿ, ಪಡ್ರೆ ಮುಂತಾದ ಊರುಗಳ ಕಡೆ ಇಂಥ ಸುರಂಗಗಳು ಬೇಕಾದಷ್ಟು. ಒಬ್ಬ ಮನುಷ್ಯ ತುಸು ಬಾಗಿ ನಡೆಯುವಷ್ಟು ಎತ್ತರ, ಎರಡು ಭುಜಗಳೂ ಗೋಡೆಗೆ ಉಜ್ಜುವಷ್ಟು ಅಗಲ. ಮುರಕಲ್ಲನ್ನು ಪಿಕ್ಕಾಸಿನಿಂದ ಕೊರೆಯುತ್ತ ಹೋಗಿ, ಹೊಯಿಗೆಯೋ ಜೇಡಿಯೋ ಕಂಡು ನೀರು ಒಸರುವಲ್ಲಿ ನಿಲ್ಲಿಸುತ್ತಾರೆ. ಗಾಳಿ ಸಾಕಷ್ಟಿದೆಯೋ ಎಂಬುದನ್ನು ಉರಿಯುವ ದೀಪ ಹೇಳುತ್ತದೆ. ದೀಪ ಕುಗ್ಗಿದರೆ ಮನುಷ್ಯ ಹೊರಗೆ ಬರಬೇಕು. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ಹರಿದು ಬಂದು ಅಡಿಕೆಮರದ ದಂಬೆಯಲ್ಲಿ ಇಳಿದು ಕೆರೆ ತುಂಬುತ್ತದೆ. ಪರ್ಷಿಯಾ ದೇಶದ ಕನಾತ್‌ಗಳಿಗೆ ಇದನ್ನು ಹೋಲಿಸುವವರಿದ್ದಾರೆ. ನಮ್ಮ ಗುಡ್ಡದ ಸುರಂಗವನ್ನು ಕೊರೆದವರು ಗಂಡ ಹೆಂಡತಿ ಇಬ್ಬರೇ. ಅವರು ಒಳಗೆ ಕೊರೆದರು, ಆಕೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಹೊರಗೆ ಹಾಕಿದರು. ನಾಲ್ಕು ಬೇಸಗೆಗಳ ಕೆಲಸ.

ಅದನ್ನು ಚಿತ್ರಿಸಬೇಕೆಂದು ಹೊರಟಾಗ ನಮ್ಮಲ್ಲಿದ್ದುದು ಯಾರೋ ಮಾರಿದ ರಷ್ಯನ್ ಕ್ಯಾಮೆರಾ, ಫ್ಲ್ಯಾಶ್ ಇರಲಿಲ್ಲ. ಒಳಗೆ ಕಡುಗತ್ತಲೆ. ಹಿಂದಿರುಗಲು ಹೊರಟಾಗ ಆ ಅಕ್ಕನೇ, “ನಿಲ್ಲಿ ಮಾಷ್ಟ್ರೇ, ಬೆಳಕು ತಾನೇ? ತಂದೇ ಬಿಡುವ” ಎಂದು ಹೇಳಿ, ಮನೆಯೊಳಗಿನಿಂದ ತಲೆ ಬಾಚುವ ಕನ್ನಡಿಯನ್ನು ಕಿತ್ತು ತಂದರು. ಸುರಂಗದ ಬಾಯಿಯ ಪಕ್ಕ ಬಿಸಿಲಿನಲ್ಲಿ ನಿಂತು ಕನ್ನಡಿಯನ್ನು ಓರೆಮಾಡಿದೊಡನೆ ಸೂರ್ಯ ಗುಡ್ಡದ ಹೊಟ್ಟೆಯೊಳಗೆ ನುಗ್ಗಿದನು! ಪಿಕ್ಕಾಸಿನ ಒಂದೊಂದು ಏಟಿನ ಗುರುತೂ ಎದ್ದು ಕಂಡಿತು. ಮೊಣಕಾಲು ಮಡಿಸಿ ಕುಳಿತ ಅವರ ಯಜಮಾನರು, ಪಾದದ ಸುತ್ತ ಹರಿಯುವ ನೀರು, ನೀರಿನ ಮೇಲೆ ಬೆಳಕಿನ ಗೀಟು. ತೆಗೆದ ಬಳಿಕ “ಇನ್ನು ನೀವೂ ಬನ್ನಿ ಅಕ್ಕ, ಇಬ್ಬರದ್ದೂ ಒಂದು ತೆಗೆಯುವ” ಎಂದೆವು. “ನನ್ನದೆಂಥ ಪಟ ಮಾಷ್ಟ್ರೇ, ಒಲೆಯಲ್ಲಿ ಅನ್ನ ಉಂಟು. ಇನ್ನೊಮ್ಮೆ ಆಯಿತು” ಎಂದು ಕನ್ನಡಿಯೊಂದಿಗೆ ಒಳಹೋದರು.

ಇನ್ನೊಮ್ಮೆ ಆಗಲಿಲ್ಲ. ಆ ಪಟವನ್ನು ಪ್ರದರ್ಶನಗಳಿಗೂ ನಾವು ಕಳುಹಿಸಲಿಲ್ಲ. ಏಕೆಂದರೆ ಬಾಯಿಯ ಸಮೀಪದ ಗೋಡೆಯ ಮೇಲೆ, ಬೆಳಕು ಅತ್ಯಂತ ಉಜ್ವಲವಾಗಿರುವಲ್ಲೇ, ಹುಣಸೆಬೀಜದಂತೆ ಉದ್ದಗಾದ ಎರಡು ಮಸುಕು ಕಲೆಗಳಿದ್ದುವು. ಲೆನ್ಸಿನ ಕೊಳೆಯೆಂದು ತಿಳಿದು, ನಮ್ಮ ಅಜಾಗರೂಕತೆಯನ್ನು ನಾವೇ ಬೈದುಕೊಂಡು ಟ್ರಂಕಿನ ತಳಕ್ಕೆ ಸೇರಿಸಿದ್ದೆವು.

ಯಜಮಾನರು ಮೊದಲೇ ಹೋದರು. ಆ ಅಕ್ಕ ತೀರಿಕೊಂಡದ್ದು 2020ರ ಏಪ್ರಿಲಿನಲ್ಲಿ. ಕೊರೋನದ ದಿನಗಳವು, ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದರು. ಒಬ್ಬಳೇ ಮಗಳು, ನಮ್ಮ ಶಾಲೆಯಲ್ಲೇ ಓದಿದವಳು, ಪುತ್ತೂರಿನ ಕಡೆಗೆ ಮದುವೆಯಾಗಿ ಹೋದವಳು. ಬಸ್ಸಿನಲ್ಲಿ ಎರಡು ಗಂಟೆಯ ದಾರಿಯೂ ಇಲ್ಲ. ಬರಲಾಗಲಿಲ್ಲ. ಅದಾದ ಕೆಲವು ವರ್ಷಗಳಲ್ಲಿ ಗುಡ್ಡದ ಆ ಬದಿಯನ್ನು ಯಂತ್ರದಿಂದ ಕಡಿದು ಕೆಂಪು ಮಣ್ಣನ್ನು ಲಾರಿಗಳಲ್ಲಿ ಸಾಗಿಸಿದರು. ಸುರಂಗವೂ ಹೋಯಿತು, ಕೆಳಗಿನ ಕೆರೆಯೂ ಒಣಗಿತು. ನಾಲ್ಕು ಬೇಸಗೆಯ ಕೆಲಸಕ್ಕೆ ಅವರಿಗೆ ನಾಲ್ಕು ದಿನ ಸಾಕಾಯಿತು.

ಈ ಸೋಣದಲ್ಲಿ, ಓಣಂ ರಜೆಯ ಒಂದು ಬೆಳಗ್ಗೆ, ಆ ಮಗಳು ತನ್ನ ಹಳೆಯ ಶಾಲಾ ದಾಖಲೆಯೊಂದಕ್ಕಾಗಿ ನಮ್ಮಲ್ಲಿಗೆ ಬಂದಳು. ಪಟಗಳು ಜಗಲಿಯ ತುಂಬ ಹರವಿಕೊಂಡಿದ್ದುವು. ಕೆಲಸ ಮುಗಿದ ಬಳಿಕ ಸಂಕೋಚದಿಂದ, “ಮಾಷ್ಟ್ರೇ, ನಿಮ್ಮಲ್ಲಿ ಅಮ್ಮನ ಪಟ ಏನಾದರೂ ಉಂಟೋ? ನನ್ನ ಮದುವೆಯ ದಿನ ಅಮ್ಮ ಅಡಿಗೆ ಕೋಣೆಯಿಂದ ಹೊರಗೇ ಬರಲಿಲ್ಲ. ಮತದಾನದ ಗುರುತುಚೀಟಿಯಲ್ಲಿ ಒಂದುಂಟು, ಅದರಲ್ಲಿ ಅಮ್ಮನ ಗುರುತು ಅಮ್ಮನಿಗೇ ಸಿಗುತ್ತಿರಲಿಲ್ಲ” ಎಂದಳು.

ಇಲ್ಲವೆನ್ನಬೇಕಾಯಿತು. ಬಹಳ ನಾಚಿಕೆಯಿಂದಲೇ ಹೇಳಿದೆವು. ಅಷ್ಟು ವರ್ಷ ಊರಿನ ಹೂಗಳನ್ನು ಮಲಗಿ ತೆಗೆದ ನಮಗೆ, ಅಂದು ಅನ್ನ ಇಳಿಸಿ ಬರುವವರೆಗೆ ಕಾಯುವ ವ್ಯವಧಾನ ಇರಲಿಲ್ಲ. ತಂದೆಯವರ ಪಟವಾದರೂ ಇದೆಯೆಂದು ಹುಡುಕಿ ಸುರಂಗದ ಚಿತ್ರವನ್ನು ಅವಳ ಕೈಗಿತ್ತು, ಈ ಬೆಳಕು ನಿನ್ನ ಅಮ್ಮ ಹಿಡಿದದ್ದು ಎಂದೆವು. ಕಲೆಗಳಿಗಾಗಿ ಕ್ಷಮೆಯನ್ನೂ ಕೇಳಿದೆವು.

ಅವಳು ಪಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. “ಇದು ಕಲೆ ಅಲ್ಲ ಮಾಷ್ಟ್ರೇ” ಎಂದಳು. “ಇದು ಅಮ್ಮನ ಬೊಟ್ಟು. ರಾತ್ರಿ ಮಲಗುವ ಮೊದಲು ಹಣೆಯಿಂದ ತೆಗೆದು ಕನ್ನಡಿಗೆ ಅಂಟಿಸುತ್ತಿದ್ದರು. ಯಾವಾಗಲೂ ಎರಡು ಇರುತ್ತಿತ್ತು, ಎಡಬದಿಯಲ್ಲಿ.”

ನಿಜವೇ. ಕನ್ನಡಿಯ ಮೇಲಿನ ಬೊಟ್ಟು ಬೆಳಕನ್ನು ತಡೆದಿತ್ತು. ಓರೆಯಾಗಿ ಬಿದ್ದ ಕಾರಣ ನೆರಳು ಉದ್ದಗಾಗಿತ್ತು. ವಿಜ್ಞಾನದ ಪಾಠದಲ್ಲಿ ಪ್ರತಿಫಲನವನ್ನು ವರ್ಷವರ್ಷವೂ ಕಲಿಸಿದ ನಮಗೆ ಅದು ಹೊಳೆದಿರಲಿಲ್ಲ.

ನೆಗೆಟಿವನ್ನು ಬೂಷ್ಟು ಎಂದೋ ತಿಂದಿದೆ. ಇದ್ದುದು ಆ ಒಂದೇ ಪ್ರತಿ. ಆಮೇಲೆ ಪ್ರತಿ ಮಾಡಿಸಿ ಕಳುಹಿಸುತ್ತೇವೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆಡಲಿಲ್ಲ. ಅವಳು ಚಹಾ ಕುಡಿದು ಮುಗಿಸುವಷ್ಟರಲ್ಲಿ ಬೆನ್ನಿನ ಬರಹದಿಂದ ಕೊನೆಯ ಎರಡು ಪದಗಳನ್ನು ರಬ್ಬರಿನಿಂದ ಉಜ್ಜಿ ಅಳಿಸಿ, ಅಲ್ಲಿ ಅವಳ ಅಮ್ಮನ ಹೆಸರನ್ನು ಬರೆದು, ಮುಲ್ಕಿ ಕಾಗದದಲ್ಲಿ ಸುತ್ತಿ ಕೊಟ್ಟೆವು.